ಒಂದು ವಾಕ್ಯ ‘ಹೊರಡು’ ಅಂದಿತು, ಇನ್ನೊಂದು ‘ಇಲ್ಲೇ ಇರು’ ಅಂದಿತು

ಪ್ರಶ್ನೆ: ನಾನು ಗುಳೇದಗುಡ್ಡದವನು, ವಯಸ್ಸು 34. ಅಪ್ಪ ಈಗಲೂ ಕೈಮಗ್ಗದಲ್ಲಿ ಖಣ ನೇಯುತ್ತಾರೆ. ನಾನೂ ಅವರ ಜೊತೆ ನೇಯುತ್ತೇನೆ, ಉಳಿದ ಹೊತ್ತು ಬಟ್ಟೆ ಅಂಗಡಿಯಲ್ಲಿ ಕೆಲಸ. ಪುಣೆಯಲ್ಲಿರುವ ಭಾವ, ‘ಇಲ್ಲಿ ಗೋದಾಮಿನಲ್ಲಿ ಒಂದು ಕೆಲಸ ಇದೆ, ತಿಂಗಳ ಕೊನೆಯೊಳಗೆ ಹೇಳು’ ಅಂದಿದ್ದಾರೆ. ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಲಿ, ಸಿಗುತ್ತದೆ ಎಂದು ಯಾಕೋಬನ ಪತ್ರದಲ್ಲಿದೆ. ಮೂರು ವಾರದಿಂದ ಪ್ರಾರ್ಥನೆ ಮಾಡುತ್ತಿದ್ದೇನೆ. ಕಣ್ಣು ಮುಚ್ಚಿ ಬೈಬಲ್ ತೆರೆದೆ. ಮೊದಲ ದಿನ ಆದಿಕಾಂಡ 12:1 ಸಿಕ್ಕಿತು, ನಿನ್ನ ದೇಶ ಬಿಟ್ಟು ಹೊರಡು ಅಂತ. ಮರುದಿನ ಯೆರೆಮೀಯ 42:10, ಈ ದೇಶದಲ್ಲೇ ಇದ್ದರೆ ನಿಮ್ಮನ್ನು ಕಟ್ಟುವೆನು ಅಂತ. ಮನೆ ಪ್ರಾರ್ಥನೆಗೆ ಬಂದಿದ್ದ ಹೊರಗಿನ ಬೋಧಕರೊಬ್ಬರು ತಲೆ ಮೇಲೆ ಕೈಯಿಟ್ಟು ‘ದೇವರು ನಿನ್ನನ್ನು ದೂರದ ಊರಿಗೆ ಕರೆಯುತ್ತಿದ್ದಾನೆ’ ಅಂದರು. ನನ್ನ ಹೆಂಡತಿ ಬೆಳಗಾವಿಯ ಕ್ಯಾಥೋಲಿಕ್ ಮನೆಯವಳು. ‘ಜ್ಞಾನ ಪವಿತ್ರಾತ್ಮರ ವರ, ಅದು ಆಗಲೇ ನಿಮಗೆ ಸಿಕ್ಕಿದೆ’ ಅನ್ನುತ್ತಾಳೆ. ನನಗಂತೂ ಏನೂ ಕೇಳಿಸುತ್ತಿಲ್ಲ. ನನ್ನ ವಿಶ್ವಾಸ ಕಡಿಮೆಯೇ? ದೇವರ ಜ್ಞಾನವನ್ನು ಕೇಳುವುದು ಅಂದರೆ ಏನು?

ಉತ್ತರ:

ಸಹೋದರರೇ, ನಿಮ್ಮ ಎರಡನೇ ದಿನದ ವಾಕ್ಯದಿಂದಲೇ ಶುರು ಮಾಡುತ್ತೇನೆ. ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಅಧ್ಯಾಯದ ಮೇಲೆ ಬೆರಳಿಟ್ಟಿದ್ದೀರಿ. ಆದರೆ ಒಂದೇ ಸಾಲು ಓದಿ ಪುಸ್ತಕ ಮುಚ್ಚಿದ್ದೀರಿ. ಇವತ್ತು ರಾತ್ರಿ ಯೆರೆಮೀಯನ ಪುಸ್ತಕದ 41ನೇ ಅಧ್ಯಾಯದ ಕೊನೆಯಿಂದ 43ರ ಏಳನೇ ವಾಕ್ಯದವರೆಗೆ ಓದಿ. ಹತ್ತು ನಿಮಿಷ ಸಾಕು.

ಅಲ್ಲಿ ನಡೆದದ್ದು ಇಷ್ಟು. ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು, ಜನರನ್ನು ಸೆರೆ ಒಯ್ದಿದ್ದಾರೆ. ಉಳಿದ ಬಡವರನ್ನು ನೋಡಿಕೊಳ್ಳಲು ಅವರು ನೇಮಿಸಿದ ಅಧಿಕಾರಿ ಗೆದಲ್ಯನ ಕೊಲೆಯಾಗಿದೆ. ಬಾಬಿಲೋನಿನವರು ಸೇಡು ತೀರಿಸಿಕೊಳ್ಳಲು ಬರುತ್ತಾರೆ ಎಂದು ಎಲ್ಲರಿಗೂ ಭಯ. ಗಂಟುಮೂಟೆ ಕಟ್ಟಿಕೊಂಡು ಐಗುಪ್ತದ ದಾರಿ ಹಿಡಿದು, ಬೆತ್ಲೆಹೇಮಿನ ಹತ್ತಿರ ಬಿಡಾರ ಹೂಡಿದ್ದಾರೆ. ಅಲ್ಲಿ ನಿಂತು ಪ್ರವಾದಿ ಯೆರೆಮೀಯನ ಹತ್ತಿರ ಬರುತ್ತಾರೆ. ‘ನಾವು ಯಾವ ದಾರಿ ಹಿಡಿಯಬೇಕು, ದೇವರನ್ನು ಕೇಳು. ಅದು ನಮಗೆ ಸೇರಲಿ ಬಿಡಲಿ, ಹಾಗೇ ಮಾಡುತ್ತೇವೆ’ ಅನ್ನುತ್ತಾರೆ. ಯೆರೆಮೀಯ ಕೂಡಲೇ ಉತ್ತರ ಹೇಳಲಿಲ್ಲ. ಅವನು ಪ್ರವಾದಿ, ಆದರೂ ಹತ್ತು ದಿನ ಕಾದ. ಹತ್ತು ದಿನ ಆದ ಮೇಲೆ ಬಂದ ಮಾತೇ ನಿಮಗೆ ಸಿಕ್ಕ ಆ ವಾಕ್ಯ: ಇಲ್ಲೇ ಇರಿ. ಅದಕ್ಕೆ ಅವರು ಏನಂದರು ಗೊತ್ತಾ? ‘ನೀನು ಸುಳ್ಳು ಹೇಳುತ್ತೀ.’ ಐಗುಪ್ತಕ್ಕೆ ಹೋದರು. ಯೆರೆಮೀಯನನ್ನೂ ಎಳೆದುಕೊಂಡೇ ಹೋದರು.

ಅವರು ದೇವರನ್ನು ಕೇಳಿದರು. ದೇವರ ಮಾತನ್ನು ಕೇಳಲಿಲ್ಲ.

ನಮ್ಮ ಕನ್ನಡದಲ್ಲಿ ‘ಕೇಳು’ ಅನ್ನುವ ಮಾತಿಗೆ ಎಷ್ಟು ಅರ್ಥ ನೋಡಿ. ಅಂಗಡಿಗೆ ಹೋಗಿ ಸಕ್ಕರೆ ಕೇಳುತ್ತೇವೆ, ಅದು ಬೇಡುವುದು. ಪ್ರಸಂಗ ಕೇಳುತ್ತೇವೆ, ಅದು ಕಿವಿಗೊಡುವುದು. ‘ಈ ಹುಡುಗ ಮಾತೇ ಕೇಳಲ್ಲ’ ಅಂದಾಗ ಅವನ ಕಿವಿ ಕೆಟ್ಟಿದೆ ಅಂತ ಯಾರೂ ತಿಳಿಯುವುದಿಲ್ಲ. ಹೇಳಿದಂತೆ ನಡೆಯುವುದಿಲ್ಲ ಅಂತ ತಿಳಿಯುತ್ತೇವೆ. ಬೇಡುವುದು, ಆಲಿಸುವುದು, ಅದರಂತೆ ನಡೆಯುವುದು, ಮೂರಕ್ಕೂ ಒಂದೇ ಮಾತು. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯ ‘ಶಮಾ’ ಎಂಬ ಪದಕ್ಕೂ ಆಲಿಸು, ವಿಧೇಯನಾಗು ಎಂಬ ಎರಡೂ ಅರ್ಥ ಇವೆ. ನೀವು ಕೇಳಿದ್ದು ‘ದೇವರ ಜ್ಞಾನವನ್ನು ಕೇಳುವುದು ಅಂದರೆ ಏನು’ ಅಂತ ಅಲ್ವಾ? ಈ ಮೂರೂ ಅರ್ಥದಲ್ಲಿ ಕೇಳುವುದು. ನಾವು ಸಾಮಾನ್ಯವಾಗಿ ಮೊದಲನೆಯದಕ್ಕೇ ನಿಂತುಬಿಡುತ್ತೇವೆ.

ಸೊಲೊಮೋನನ ಕಥೆ ನಿಮಗೆ ಗೊತ್ತೇ ಇದೆ. ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ‘ಏನು ಬೇಕು ಕೇಳು’ ಅಂದಾಗ ಅವನು ಜ್ಞಾನ ಬೇಡಿದ ಎಂದು ಸಂಡೇ ಸ್ಕೂಲಿನಲ್ಲೇ ಕಲಿತಿದ್ದೇವೆ. ಮೂಲದಲ್ಲಿ ಅವನ ಬಾಯಲ್ಲಿರುವ ಮಾತು ಇನ್ನೂ ಚೆಂದ. ಅಲ್ಲಿ ಅವನು ಬೇಡಿದ್ದು ‘ಲೇವ್ ಶೊಮೇಅ’, ಅಂದರೆ ಕೇಳುವ ಹೃದಯ. ಅದೇ ‘ಶಮಾ’ ಪದದಿಂದ ಬಂದದ್ದು. ಮುಂದಾಗುವುದನ್ನು ಹೇಳು ಅನ್ನಲಿಲ್ಲ. ಯಾರ ಜೊತೆ ಯುದ್ಧ ಮಾಡಲಿ, ಯಾರ ಜೊತೆ ಒಪ್ಪಂದ ಮಾಡಲಿ ಎಂದು ಪಟ್ಟಿ ಕೇಳಲಿಲ್ಲ. ಒಂದು ಕಿವಿ ಕೊಡು ಅಂದ.

ಅದರ ಬೆನ್ನಿಗೇ ಒಂದು ಮಗುವಿಗಾಗಿ ಜಗಳವಾಡುವ ಇಬ್ಬರು ತಾಯಂದಿರ ಕಥೆ ಬರುತ್ತದೆ. ನಮಗೆಲ್ಲ ಕತ್ತಿ ನೆನಪಿರುತ್ತದೆ. ಕತ್ತಿ ತರಿಸುವುದಕ್ಕೆ ಮೊದಲು ಅವನು ಏನು ಮಾಡಿದ ಎಂದು 1 ಅರಸುಗಳು 3:23ರಲ್ಲಿ ನೋಡಿ. ‘ಈಕೆ ಹೀಗೆ ಅನ್ನುತ್ತಾಳೆ, ಆಕೆ ಹೀಗೆ ಅನ್ನುತ್ತಾಳೆ’ ಎಂದು ಇಬ್ಬರ ಮಾತನ್ನೂ ಹಾಗಾಗೇ ತಿರುಗಿ ಹೇಳಿದ. ಅವರಿಬ್ಬರೂ ವೇಶ್ಯೆಯರು. ಅರಸನ ಮುಂದೆ ಅವರ ಮಾತಿಗೆ ಏನು ಬೆಲೆ ಇತ್ತು ಎಂದು ಯೋಚಿಸಿ. ಆದರೂ ಇಬ್ಬರ ಮಾತೂ ಅವನ ಕಿವಿಯಲ್ಲಿ ನಿಂತಿತ್ತು. ಕೊನೆಗೆ ನಿಜವಾದ ತಾಯಿಯನ್ನು ತೋರಿಸಿದ್ದೂ ಕತ್ತಿ ಅಲ್ಲ, ಅವಳ ಕೂಗು.

ಅದೇ ಸೊಲೊಮೋನನ ಮನಸ್ಸು ಮುಪ್ಪಿನಲ್ಲಿ ಬೇರೆ ಕಡೆ ತಿರುಗಿತು. ಅವನು ಸತ್ತ ಮೇಲೆ ಜನ ಬಂದು ಅವನ ಮಗ ರೆಹಬ್ಬಾಮನ ಹತ್ತಿರ ‘ನಿಮ್ಮ ತಂದೆ ನಮ್ಮ ಮೇಲೆ ಭಾರವಾದ ನೊಗ ಹೊರಿಸಿದ್ದರು’ ಎಂದು ಅತ್ತರು. ಕೇಳುವ ಹೃದಯ ಬೇಡಿದವನ ಕಾಲದಲ್ಲೇ ಜನರ ಕೂಗು ಕೇಳುವವರಿಲ್ಲದೆ ಹೋಗಿತ್ತು. ಜ್ಞಾನವನ್ನು ಒಂದು ಸಲ ಪಡೆದು ಪೆಟ್ಟಿಗೆಯಲ್ಲಿ ಇಡಲು ಆಗುವುದಿಲ್ಲ. ದಿನಾ ಕೇಳಬೇಕು.

ಈಗ ಬೈಬಲ್ ತೆರೆದು ಬೆರಳಿಡುವ ವಿಷಯ. ‘ಸಂತ ಅಗಸ್ಟೀನರೂ ಹಾಗೇ ಮಾಡಲಿಲ್ಲವೇ’ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ನಿಜ. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ‘ತೆಗೆದುಕೋ, ಓದು’ ಎಂಬ ಮಗುವಿನ ದನಿ ಕೇಳಿ ಅವರು ಪೌಲನ ಪತ್ರ ತೆರೆದರು. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಸಿಕ್ಕಿತು. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ಅವರು ಓದಿದ್ದರು, ಅತ್ತಿದ್ದರು, ಹಿರಿಯರ ಪ್ರಸಂಗ ಕೇಳಿದ್ದರು. ಆ ವಾಕ್ಯ ಅವರಿಗೆ ಹೊಸ ಸುದ್ದಿ ಕೊಡಲಿಲ್ಲ. ಆಗಲೇ ಗೊತ್ತಿದ್ದ ದಾರಿಯಲ್ಲಿ ಹೆಜ್ಜೆ ಇಡು ಅಂದಿತು. ಮುಂದೆ ಅದೇ ಅಗಸ್ಟೀನರು, ಲೋಕದ ವ್ಯವಹಾರಕ್ಕೆ ಸುವಾರ್ತೆಯ ಪುಟ ತೆರೆದು ಶಕುನ ನೋಡುವುದು ನನಗೆ ಇಷ್ಟವಿಲ್ಲ ಎಂದು ಒಂದು ಪತ್ರದಲ್ಲಿ ಬರೆದರು. 506ರಲ್ಲಿ ಈಗಿನ ಫ್ರಾನ್ಸಿನ ಅಗ್ದ್ ಊರಿನಲ್ಲಿ ಸೇರಿದ ಬಿಷಪರ ಸಭೆಯೂ ಇದನ್ನು ನಿಷೇಧಿಸಿತು. ಅಂದರೆ ಇದು ಹಳೆಯ ಚಟ, ನೀವೊಬ್ಬರೇ ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆದರೆ ಬಿಟ್ಟುಬಿಡಿ. ದೇವರ ವಾಕ್ಯವನ್ನು ಗಿಳಿಶಾಸ್ತ್ರದ ಚೀಟಿಯಂತೆ ಎಳೆಯಬಾರದು. 1851ರಲ್ಲಿ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆ ನಿಮ್ಮ ಊರಿಗೆ ಬಂತು. ಆಗಿನಿಂದ ಮಗ್ಗದ ಸದ್ದಿನ ನಡುವೆ ಜನ ಈ ಪುಸ್ತಕ ಓದುತ್ತಾ ಬಂದಿದ್ದಾರೆ. ಸಾಲಾಗಿ, ಅಧ್ಯಾಯದ ಮೇಲೆ ಅಧ್ಯಾಯ ಓದುತ್ತಾ ಹೋದರೆ ಅದು ಮನಸ್ಸಿಗೆ ಇಳಿಯುತ್ತದೆ.

ಬೋಧಕರ ಮಾತಿಗೆ ಬರುತ್ತೇನೆ. ಪ್ರವಾದನೆಯನ್ನು ಹೀನಾಯ ಮಾಡಬೇಡಿ, ಆದರೆ ಎಲ್ಲವನ್ನೂ ಪರಿಶೋಧಿಸಿ ಎಂದು ಪೌಲನು ಥೆಸಲೊನೀಕದವರಿಗೆ ಬರೆದಿದ್ದಾನೆ. ಎರಡೂ ಒಟ್ಟಿಗೇ ಇವೆ. ಪರಿಶೋಧಿಸುವುದು ಹೇಗೆ ಎಂದು ಯಾಕೋಬನೇ ಹೇಳುತ್ತಾನೆ, ನೀವು ಹೇಳಿದ ಅವನ ಪತ್ರದ ಮೂರನೇ ಅಧ್ಯಾಯದಲ್ಲಿ. ಮೇಲಿನಿಂದ ಬರುವ ಜ್ಞಾನ ಪರಿಶುದ್ಧವಾದದ್ದು, ಸಮಾಧಾನದ್ದು, ಮೃದುವಾದದ್ದು, ಕರುಣೆ ತುಂಬಿದ್ದು. ಆ ಪಟ್ಟಿಯ ನಡುವೆ ಇನ್ನೊಂದು ಗುಣ ಇದೆ: ಇನ್ನೊಬ್ಬರು ಹೇಳಿದರೆ ಒಪ್ಪಿಕೊಳ್ಳುವ ಗುಣ. ಅದರ ಮೇಲೆ ನನಗೆ ತುಂಬ ಪ್ರೀತಿ. ದೇವರ ಜ್ಞಾನ ಇದ್ದವರ ಜೊತೆ ಮಾತಾಡಬಹುದು, ಪ್ರಶ್ನೆ ಕೇಳಬಹುದು. ಆ ಬೋಧಕರನ್ನು ‘ಯಾಕೆ ಹಾಗಂದಿರಿ? ನನ್ನ ಮನೆಯ ಪರಿಸ್ಥಿತಿ ನಿಮಗೆ ಗೊತ್ತಾ?’ ಎಂದು ಕೇಳಿ ನೋಡಿ. ಸಮಾಧಾನವಾಗಿ ಕೂತು ಮಾತಾಡಿದರೆ ಅವರ ಮಾತಿಗೆ ತೂಕ ಕೊಡಿ. ‘ದೇವರು ಹೇಳಿದ ಮೇಲೆ ಮುಗಿಯಿತು’ ಎಂದು ಬಾಯಿ ಮುಚ್ಚಿಸಿದರೆ ಆ ಮಾತನ್ನು ಪಕ್ಕಕ್ಕಿಡಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಬಹಳ ವರ್ಷಗಳ ಹಿಂದೆ ನಾನೇ ಆ ತಪ್ಪು ಮಾಡಿದ್ದೆ. ವಿಜಯಪುರದ ಕಡೆಯ ಒಬ್ಬ ರೈತರು ನಮ್ಮ ಬೈಬಲ್ ಅಧ್ಯಯನಕ್ಕೆ ಬರುತ್ತಿದ್ದರು. ಸಾಲ ಮಾಡಿ ಕೊಳವೆಬಾವಿ ಕೊರೆಸಲೇ ಎಂದು ಕೇಳಿದರು. ನಾನು ಅವರ ಜೊತೆ ಪ್ರಾರ್ಥನೆ ಮಾಡಿದೆ. ಪ್ರಾರ್ಥನೆ ಮುಗಿದಾಗ ನನ್ನ ಮನಸ್ಸು ತುಂಬಿ ಬಂದಿತ್ತು. ‘ಕೊರೆಸಿ, ದೇವರು ನೀರು ಕೊಡುತ್ತಾನೆ’ ಅಂದುಬಿಟ್ಟೆ. ಅವರ ಹೆಂಡತಿ ಬಾಗಿಲ ಹತ್ತಿರ ನಿಂತು ಏನೋ ಹೇಳಲು ಬಾಯಿ ತೆರೆದಿದ್ದರು. ನಾನು ಕೇಳಲಿಲ್ಲ. ನೀರು ಬೀಳಲಿಲ್ಲ. ಪಕ್ಕದ ಹೊಲದಲ್ಲಿ ಎರಡು ಬಾವಿ ಬತ್ತಿದ್ದವು, ಆ ತಾಯಿ ಹೇಳಲು ಹೊರಟದ್ದು ಅದನ್ನೇ ಎಂದು ಆಮೇಲೆ ತಿಳಿಯಿತು. ನಾನು ಹೋಗಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು. ಸಾಲ ಮಾತ್ರ ಉಳಿಯಿತು. ನನ್ನ ಮನಸ್ಸು ತುಂಬಿ ಬಂದದ್ದನ್ನು ನಾನು ದೇವರ ದನಿ ಅಂದುಕೊಂಡೆ. ಬಾಗಿಲಲ್ಲಿ ನಿಂತವರ ದನಿಯನ್ನು ಸುಮ್ನೆ ಬಿಟ್ಟೆ.

ನಿಮ್ಮ ವಿಶ್ವಾಸ ಕಡಿಮೆಯೇ ಎಂದು ಕೇಳಿದ್ದೀರಿ. ಇದು ನಿಮ್ಮನ್ನು ಜಾಸ್ತಿ ಕೊರೆಯುತ್ತಿದೆ ಅನ್ನಿಸುತ್ತದೆ. ಯಾಕೋಬ 1:5ನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ದೇವರು ಎಲ್ಲರಿಗೂ ಉದಾರವಾಗಿ ಕೊಡುತ್ತಾನೆ, ಹಂಗಿಸದೆ ಕೊಡುತ್ತಾನೆ ಎಂದಿದೆ. ಈ ‘ಹಂಗಿಸದೆ’ ಅನ್ನುವ ಪದದ ಬೆಲೆ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಹೊತ್ತಿಗೆ ದುಡ್ಡು ಕೊಟ್ಟು, ಆಮೇಲೆ ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಅದನ್ನೇ ಎತ್ತಿ ಆಡುವವರನ್ನು ನೋಡಿದ್ದೇವೆ. ದೇವರು ಹಾಗಲ್ಲ. ‘ಇಷ್ಟು ದಿನ ಎಲ್ಲಿದ್ದೆ? ಹೋದ ಸಲ ಕೊಟ್ಟದ್ದನ್ನು ಏನು ಮಾಡಿದೆ?’ ಅನ್ನುವುದಿಲ್ಲ.

ಹಾಗಾದರೆ ಮುಂದಿನ ಸಾಲಿನಲ್ಲಿ ಸಂದೇಹಪಡುವವನಿಗೆ ಏನೂ ಸಿಗದು ಅಂತಿದೆಯಲ್ಲ? ಇದೆ. ಅಲ್ಲಿ ಯಾಕೋಬ ಹೇಳುವ ಮನುಷ್ಯನಿಗೆ ಎರಡು ಮನಸ್ಸು. ದೇವರು ಹೇಳಿದರೂ ನನ್ನದೇ ನಡೆಯಲಿ ಎಂದು ಒಂದು ಕಾಲು ಹೊರಗಿಟ್ಟವನು, ಬೆತ್ಲೆಹೇಮಿನ ಬಿಡಾರದವರ ಹಾಗೆ. ದಿಕ್ಕು ತೋಚದೆ ಅಳುವವನ ಮಾತು ಅದಲ್ಲ. ‘ನಂಬುತ್ತೇನೆ, ನನ್ನ ಅಪನಂಬಿಕೆ ತೆಗೆದು ಸಹಾಯ ಮಾಡು’ ಎಂದು ಕೂಗಿದ ತಂದೆಯನ್ನು ಯೇಸು ತಳ್ಳಲಿಲ್ಲ, ಅವನ ಮಗನನ್ನು ಗುಣಪಡಿಸಿದ. ಇನ್ನೊಂದನ್ನೂ ಗಮನಿಸಿ. ಯಾಕೋಬ ಜ್ಞಾನದ ಮಾತು ಎತ್ತುವುದು ಕಷ್ಟ, ಶೋಧನೆ, ತಾಳ್ಮೆಯ ಮಾತಿನ ಬೆನ್ನಿಗೇ. ಕಷ್ಟದಲ್ಲಿ ಹೇಗೆ ನಿಲ್ಲಬೇಕು ಅನ್ನುವ ಜ್ಞಾನ ಅದು. ಪುಣೆಯೋ ಗುಳೇದಗುಡ್ಡವೋ ಅನ್ನುವ ಒಂದು ಪದದ ಉತ್ತರವನ್ನು ಅದು ಮಾತುಕೊಟ್ಟಿಲ್ಲ.

ನಾವು ‘ಜ್ಞಾನ’ ಅಂದಾಗ ತುಂಬ ತಿಳಿದುಕೊಂಡಿರುವುದು ಎಂದುಕೊಳ್ಳುತ್ತೇವೆ. ಬೈಬಲಿನ ಜ್ಞಾನಕ್ಕೆ ನನಗೆ ಹತ್ತಿರ ಅನ್ನಿಸುವ ಕನ್ನಡ ಪದ ‘ಹದ’. ಹಿಂಗಾರಿ ಬಿಳಿಜೋಳವನ್ನು ಯಾವ ತಿಂಗಳಲ್ಲಿ ಬಿತ್ತಬೇಕು ಎಂದು ಶಾಲೆಯ ಹುಡುಗನೂ ಹೇಳುತ್ತಾನೆ. ಇವತ್ತು ಈ ಎರೆ ಮಣ್ಣಿಗೆ ಹದ ಬಂದಿದೆಯೇ ಎಂದು ಹೇಳಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಗೊತ್ತಿರುವವರೇ ಬೇಕು. ಯೆಶಾಯನ ಪುಸ್ತಕದ 28ನೇ ಅಧ್ಯಾಯದ ಕೊನೆಯಲ್ಲಿ ಇದೇ ಮಾತಿದೆ, ಯಾರೂ ಹೆಚ್ಚು ಓದುವುದಿಲ್ಲ. ರೈತ ಯಾವಾಗಲೂ ಉಳುತ್ತಲೇ ಇರುತ್ತಾನೆಯೇ? ಮಟ್ಟಮಾಡಿದ ಮೇಲೆ ಬಿತ್ತುವುದಿಲ್ಲವೇ? ಜೀರಿಗೆಯ ಮೇಲೆ ಬಂಡಿಯ ಗಾಲಿ ಹಾಯಿಸುವುದಿಲ್ಲ, ಕೋಲಿನಿಂದ ಬಡಿಯುತ್ತಾನೆ. ಇದನ್ನು ಅವನಿಗೆ ಕಲಿಸಿದವನು ಅವನ ದೇವರೇ, ಅನ್ನುತ್ತಾನೆ ಯೆಶಾಯ. ನೋಡಿ, ಆ ರೈತನಿಗೆ ಆಕಾಶದಿಂದ ದನಿ ಬಂದಿರಲಿಲ್ಲ. ಅಪ್ಪನಿಂದ ಕಲಿತಿದ್ದ, ಹೊಲದಿಂದ ಕಲಿತಿದ್ದ, ತಪ್ಪು ಮಾಡಿ ಕಲಿತಿದ್ದ. ಯೆಶಾಯ ಅದನ್ನೇ ದೇವರು ಕಲಿಸಿದ್ದು ಅನ್ನುತ್ತಾನೆ.

ನೇಕಾರರ ಮನೆಯವರಾದ ನಿಮಗೆ ಇನ್ನೊಂದು ಮಾತು. ವಿಮೋಚನಕಾಂಡದ 35ನೇ ಅಧ್ಯಾಯದಲ್ಲಿ ದೇವದರ್ಶನದ ಗುಡಾರಕ್ಕಾಗಿ ಕೈಯಿಂದ ನೂಲು ತೆಗೆದ ಹೆಂಗಸರನ್ನು ಮೂಲ ಭಾಷೆ ‘ಜ್ಞಾನದ ಹೃದಯದವರು’ ಅನ್ನುತ್ತದೆ. ಅದೇ ಅಧ್ಯಾಯದಲ್ಲಿ ನೇಯುವವರ ಹೆಸರೂ ಬರುತ್ತದೆ. ಸೊಲೊಮೋನನಿಗೆ ಬಳಸಿದ ಪದವೇ ಅವರಿಗೂ. ನಿಮ್ಮ ತಂದೆ ಮಗ್ಗದಲ್ಲಿ ಕೂತಾಗ ಲಾಳಿಯ ಸದ್ದು ಒಂಚೂರು ಬದಲಾದರೂ ಕೈ ನಿಲ್ಲಿಸಿ ಎಳೆ ಹುಡುಕುತ್ತಾರೆ ಅಲ್ವಾ? ಅದು ಬೈಬಲಿನ ಅರ್ಥದಲ್ಲಿ ಜ್ಞಾನವೇ.

ನಿಮ್ಮ ಹೆಂಡತಿ ಹೇಳಿದ್ದೂ ಸರಿ. ಯೆಶಾಯ 11:2ರಿಂದ ಕ್ಯಾಥೋಲಿಕರು ಪವಿತ್ರಾತ್ಮರ ಏಳು ವರಗಳನ್ನು ಎಣಿಸುತ್ತಾರೆ, ಅದರಲ್ಲಿ ಜ್ಞಾನ ಮೊದಲನೆಯದು. ದೃಢೀಕರಣ ಸಂಸ್ಕಾರದಲ್ಲಿ ಅದಕ್ಕಾಗಿಯೇ ಪ್ರಾರ್ಥಿಸುತ್ತಾರೆ. ಸಿಕ್ಕಿರುವ ವರವನ್ನೇ ದಿನಾ ಬೇಡುವುದರಲ್ಲಿ ತಪ್ಪೇನಿಲ್ಲ. ನಿಮ್ಮ ಬೈಬಲಿನಲ್ಲಿ ಇಲ್ಲದ ಒಂದು ಪುಸ್ತಕ ಅವರ ಬೈಬಲಿನಲ್ಲಿದೆ, ಸಿರಾಖನ ಗ್ರಂಥ. ಅದರ ಆರನೇ ಅಧ್ಯಾಯವನ್ನು ಅವರಿಂದ ಓದಿಸಿಕೊಳ್ಳಿ. ಕೇಳಲು ಇಷ್ಟಪಟ್ಟರೆ ಕಲಿಯುತ್ತೀ, ಕಿವಿಗೊಟ್ಟರೆ ಜ್ಞಾನಿಯಾಗುತ್ತೀ ಎಂಬ ಅರ್ಥದ ಮಾತು ಅಲ್ಲಿದೆ. ಆಮೇಲೆ, ಹಿರಿಯರ ಗುಂಪಿನಲ್ಲಿ ನಿಲ್ಲು, ವಿವೇಕಿಯನ್ನು ಕಂಡರೆ ಬೆಳಿಗ್ಗೆ ಎದ್ದು ಅವನ ಮನೆಗೆ ಹೋಗು, ನಿನ್ನ ಕಾಲು ಅವನ ಹೊಸ್ತಿಲನ್ನು ಸವೆಸಲಿ ಅನ್ನುತ್ತದೆ. ಪ್ರೊಟೆಸ್ಟೆಂಟರಾದ ನಾವು ಅದನ್ನು ಬೈಬಲಿನ ಭಾಗ ಎಂದು ಎಣಿಸುವುದಿಲ್ಲ. ಆದರೂ ಆ ಹೊಸ್ತಿಲಿನ ಮಾತು ನನ್ನನ್ನು ಬಿಟ್ಟಿಲ್ಲ.

ಕ್ರೈಸ್ತರಿಗೆ ಈ ಜ್ಞಾನಕ್ಕೆ ಒಂದು ಮುಖ ಇದೆ. ಕ್ರಿಸ್ತನೇ ದೇವರ ಜ್ಞಾನ ಎಂದು ಪೌಲನು ಕೊರಿಂಥದವರಿಗೆ ಬರೆದ. ಅದೂ ಶಿಲುಬೆಯ ಮಾತಿನ ನಡುವೆ ಬರೆದ, ಲೋಕಕ್ಕೆ ಅದು ಹುಚ್ಚುತನ ಎಂದು ಗೊತ್ತಿದ್ದೇ ಬರೆದ. ಯೇಸು ಸೆರೆಯಾಗುವ ಮುಂಚಿನ ಗೆತ್ಸೇಮನೆಯ ರಾತ್ರಿಯನ್ನು ನೆನೆಯಿರಿ. ‘ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ’ ಎಂದು ಯೇಸು ಮೂರು ಸಲ ಕೇಳಿದ. ಮತ್ತಾಯನ ಸುವಾರ್ತೆಯಲ್ಲಿ ಅದಕ್ಕೆ ಬಂದ ಒಂದು ಮಾತಿನ ಉತ್ತರವೂ ದಾಖಲಾಗಿಲ್ಲ. ಅಷ್ಟರಲ್ಲಿ ಸ್ನೇಹಿತರು ನಿದ್ದೆ ಹೋಗಿದ್ದರು. ಆದರೂ ಎದ್ದು ಹೊರಟ. ನಿಮಗೆ ಮೂರು ವಾರ ಏನೂ ಕೇಳಿಸದಿದ್ದರೆ ಅದು ಶಿಕ್ಷೆ ಎಂದು ತಿಳಿಯಬೇಡಿ. ದೇವರ ಮಗನೂ ಆ ಮೌನದಲ್ಲಿ ಮೊಣಕಾಲೂರಿದ್ದ.

ಹೋದರೆ ದೇವರ ಚಿತ್ತ ತಪ್ಪುತ್ತದೋ, ಇದ್ದರೆ ತಪ್ಪುತ್ತದೋ ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಒಂದು ದಾರಿಯ ಕೊನೆಯಲ್ಲಿ ಆಶೀರ್ವಾದ, ಇನ್ನೊಂದರ ಕೊನೆಯಲ್ಲಿ ನಾಶ, ಯಾವುದು ಯಾವುದೆಂದು ದೇವರು ಬಚ್ಚಿಟ್ಟಿದ್ದಾನೆ ಎಂದು ನಾನು ನಂಬುವುದಿಲ್ಲ. ನಮ್ಮ ಕಡೆ ಬರ ಬಿದ್ದರೆ ಜನ ಗುಳೆ ಹೋಗುತ್ತಾರೆ. ನಿಮ್ಮ ಊರ ಹೆಸರಿನಲ್ಲೇ ಆ ಪದದ ಸದ್ದಿದೆ. ರೂತಳ ಪುಸ್ತಕ ಶುರುವಾಗುವುದೂ ಹಾಗೆಯೇ. ಬೆತ್ಲೆಹೇಮಿನಲ್ಲಿ ಬರ, ಎಲೀಮೆಲೆಕನ ಮನೆಯವರು ಮೋವಾಬಿಗೆ ಹೋದರು. ಹೋದದ್ದು ಸರಿಯೋ ತಪ್ಪೋ ಎಂದು ಆ ಪುಸ್ತಕ ಹೇಳುವುದೇ ಇಲ್ಲ. ಅಲ್ಲಿ ಮೂರು ಗಂಡಸರು ಸತ್ತರು. ನೊವೊಮಿ ಬರಿಗೈಯಲ್ಲಿ ವಾಪಸ್ಸು ಬಂದಳು. ಜೊತೆಗೆ ಬಂದ ಸೊಸೆ ರೂತಳಿಂದ ದಾವೀದನ ವಂಶ ಬೆಳೆಯಿತು. ಹೋದಾಗಲೂ ಬಂದಾಗಲೂ ದೇವರು ಅವರನ್ನು ಬಿಡಲಿಲ್ಲ.

ಇನ್ನು, ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಕಂಡದ್ದನ್ನು ಹೇಳಲೇಬೇಕು. ಅದರಲ್ಲಿ ಬೈಬಲ್ ಮಾತಾಡುತ್ತದೆ. ಭಾವ ಮಾತಾಡುತ್ತಾರೆ, ಬೋಧಕರು ಮಾತಾಡುತ್ತಾರೆ, ಹೆಂಡತಿ ಒಂದು ಮಾತು ಆಡುತ್ತಾರೆ. ಅಪ್ಪ ನೇಯುತ್ತಾರೆ, ಅಷ್ಟೇ. ಅವರು ಒಂದು ಮಾತೂ ಆಡಿಲ್ಲ. ನೀವು ಪುಣೆಗೆ ಹೋದರೆ ಆ ಮಗ್ಗ ನಿಲ್ಲುತ್ತದೋ ಉಳಿಯುತ್ತದೋ, ಅವರಿಗೆ ಏನನ್ನಿಸುತ್ತದೆ ಎಂದು ಕೇಳಿದ್ದೀರಾ? ಕೇಳಲು ಭಯವೇ? ‘ಹೋಗಬೇಡ’ ಅಂದರೆ ಎಂಬ ಭಯ ಇರಬಹುದು. ‘ಹೋಗು’ ಅಂದರೂ ಭಯವೇ, ಅಲ್ವಾ? ಆಗ ನಿರ್ಧಾರ ಪೂರ್ತಿ ನಿಮ್ಮ ಮೇಲೇ ಬೀಳುತ್ತದೆ.

ಅಪ್ಪನ ಮಾತೇ ದೇವರ ಮಾತು ಎಂದು ನಾನು ಹೇಳುತ್ತಿಲ್ಲ. ಹಿರಿಯರೂ ತಪ್ಪುತ್ತಾರೆ. ಕಷ್ಟದಲ್ಲಿದ್ದ ಯೋಬನಿಗೆ ಅವನ ಸ್ನೇಹಿತರು ಮತ್ತೆ ಮತ್ತೆ ಬುದ್ಧಿ ಹೇಳಿದರು, ಕೊನೆಗೆ ದೇವರು ಅವರನ್ನೇ ಗದರಿಸಿದ. ಆದರೆ ಅಪ್ಪನ ಮಾತು ಕಿವಿಗೆ ಬೀಳದೆ ನೀವು ತೆಗೆದುಕೊಳ್ಳುವ ತೀರ್ಮಾನ ಅರ್ಧ ಕುರುಡು. ಅವರು ಮಗ್ಗದಲ್ಲಿ ಕೂತಿರುವಾಗಲೇ ಪಕ್ಕದಲ್ಲಿ ಕೂತುಕೊಳ್ಳಿ. ಬೈಬಲ್ ವಾಕ್ಯ ಹೇಳಬೇಡಿ, ಬೋಧಕರ ಮಾತು ಎತ್ತಬೇಡಿ. ಕೆಲಸ ಇಂಥದ್ದು, ಸಂಬಳ ಇಷ್ಟು, ಮನೆ ಬಾಡಿಗೆ ಇಷ್ಟಾಗುತ್ತದೆ ಎಂದು ಹೇಳಿ ಸುಮ್ಮನಿರಿ. ಆಮೇಲೆ ಹೆಂಡತಿಯ ಹತ್ತಿರವೂ ಹಾಗೇ ಕೂತುಕೊಳ್ಳಿ. ಅವರು ಹೇಳಿದ್ದು ನಿಮ್ಮ ಪತ್ರದಲ್ಲಿ ಜ್ಞಾನದ ಬಗ್ಗೆ ಇದೆ, ಪುಣೆಯ ಬಗ್ಗೆ ಇಲ್ಲ. ನಿಮ್ಮ ಸಭಾಪಾಲಕರು ನಿಮ್ಮ ಮನೆಯನ್ನು ಬಲ್ಲವರಾದರೆ ಅವರ ಹೊಸ್ತಿಲಿಗೂ ಹೋಗಿ ಬನ್ನಿ.

ಭಾವನವರಿಗೆ ಇವತ್ತೇ ಫೋನ್ ಮಾಡಿ, ತಿಂಗಳ ಕೊನೆಯ ಮೇಲೆ ಇನ್ನೂ ಹತ್ತು ದಿನ ಸಿಗುತ್ತದೆಯೇ ಎಂದು ಕೇಳಿ. ಯೆರೆಮೀಯನಿಗೂ ಅಷ್ಟು ದಿನ ಬೇಕಾಯಿತು. ಆ ಕೆಲಸದ ಸಂಬಳ, ಪಾಳಿ, ಮಕ್ಕಳಿದ್ದರೆ ಅವರ ಶಾಲೆ ಎಲ್ಲವನ್ನೂ ವಿಚಾರಿಸಿ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಪತ್ರದಲ್ಲಿ ಅದರ ಒಂದು ಅಂಕಿಯೂ ಇಲ್ಲ.